ತೋಡದ ಗುಂಡಿ

“ಇವತ್ತೂ ಮೇಲೆ ಹೋಗಲೇಬೇಕಾ?”

ಗಟ್ಟಿಯಾಗಿಯೇ ಕೇಳಿದೆ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಎಂದಿನಂತೆ ಬೆಳಗಿನ ಜಾವವೇ ಬ್ರೆಡ್ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಒಲೆಯ ಮೇಲೆ ಕೆಟಲು ಸಣ್ಣಗೆ ಗೊಣಗುತ್ತಿತ್ತು. ಕಿಟಕಿಯ ಗಾಜಿನ ಒಳಮೈಗೆ ನಮ್ಮಿಬ್ಬರ ಉಸಿರೇ ಹೆಪ್ಪುಗಟ್ಟಿ ಗರಿ ಬಿಡಿಸಿತ್ತು. ಉಗುರಿನಿಂದ ಅದನ್ನು ಕೆರೆದು ಹೊರಗೆ ನೋಡಿದೆ. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಪಡುವಣ ಗಾಳಿ ಇನ್ನೂ ನಿಂತಿರಲಿಲ್ಲ. ಶಿಖರಗಳು ಮೋಡದ ಟೋಪಿ ಹಾಕಿಕೊಂಡು ಕುಳಿತಿದ್ದವು.

ನಾನು ಹವಾಮಾನ ವೀಕ್ಷಕ. ನಮ್ಮ ಊರು ಪರ್ವತಸಾಲಿನ ಸೊಂಟದಲ್ಲಿದೆ. ಊರಿನ ಕಟ್ಟಕಡೆಯಲ್ಲಿ ಎರಡು ಕೋಣೆಯ ನನ್ನ ಠಾಣೆ. ಮುಂದಿನ ಕೋಣೆಯಲ್ಲಿ ಫೋನು, ದಾಖಲೆ ಪುಸ್ತಕಗಳು, ಒಲೆ. ಹಿಂದಿನದರಲ್ಲಿ ನಮ್ಮ ಸಂಸಾರ. ಅಂಗಳದಲ್ಲಿ ಜಾಲರಿ ಬಾಗಿಲಿನ ಬಿಳಿ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರುಗಳು. ಠಾಣೆಯ ಮುಂದಿನಿಂದಲೇ ಒಂದು ರಸ್ತೆ ಮೇಲಿನ ಕಣಿವೆ ದಾಟಿ ಆಚೆಯ ಹಳ್ಳಿಗಳಿಗೆ ಹೋಗುತ್ತದೆ. ಚಳಿಗಾಲ ಹಿಡಿದ ಮೇಲೆ ಹಿಮ ಬಿದ್ದ ಪ್ರತಿ ಬೆಳಿಗ್ಗೆ ಆ ರಸ್ತೆಯನ್ನು ತೆರೆಯಬೇಕೋ ಬೇಡವೋ ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಇಳಿಜಾರಿನ ಹಿಮ ಜಾರಿ ರಸ್ತೆಯ ಮೇಲೆ ಬೀಳುವಂತಿದೆಯೇ ಎಂಬ ಆ ಒಂದು ಮಾತಿಗಾಗಿ ಒಂದು ಗಂಟೆ ಏರಿ ಹೋಗಬೇಕು. ಇಳಿಜಾರಿನಲ್ಲಿ ಗೊತ್ತುಮಾಡಿದ ಒಂದು ಜಾಗವಿದೆ. ಅಲ್ಲಿ ನೆಲ ಕಾಣುವ ತನಕ ಗುಂಡಿ ತೋಡಿ, ಅದರ ಗೋಡೆಯನ್ನು ಬ್ರಷ್ಷಿನಿಂದ ನಯಮಾಡಿ, ಒಂದೊಂದು ಪದರವನ್ನೂ ಮುಟ್ಟಿ ನೋಡಬೇಕು. ಮುಷ್ಟಿ ಒಳಗೆ ಹೋದರೆ ಬಹಳ ಮೆದು. ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲು, ಚಾಕು. ಚಾಕುವಿಗೆ ಮಾತ್ರ ಬಗ್ಗುವ ಹಿಮ ಗಟ್ಟಿ. ಆಮೇಲೆ ಹಿಮದ ಒಂದು ಕಂಬ ಕೊಯ್ದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಬೇಕು: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೇ ತಟ್ಟಿಗೆ ಕಂಬ ಜಾರಿತು ಎಂದು ಬರೆದುಕೊಂಡು ಇಳಿದು ಬರಬೇಕು.

ಜನ ನಡುಚಳಿಗಾಲದ ಆಳೆತ್ತರದ ಹಿಮಕ್ಕೆ ಹೆದರುತ್ತಾರೆ. ನಮ್ಮ ಕಸುಬಿನವರು ಹೆದರುವುದು ಶುರುವಿನ ಮೊಣಕಾಲುದ್ದದ ಹಿಮಕ್ಕೆ. ನೆಲದಲ್ಲಿ ಇನ್ನೂ ಬೇಸಿಗೆಯ ಬಿಸಿ ಉಳಿದಿರುತ್ತದೆ. ಮೇಲೆ ಮೋಡವಿಲ್ಲದ ಆಕಾಶ ರಾತ್ರಿಯಿಡೀ ಚಳಿ ಸುರಿಯುತ್ತಿರುತ್ತದೆ. ನಡುವೆ ಸಿಕ್ಕಿಬಿದ್ದ ತೆಳು ಹಿಮದ ತಳ ಆವಿಯಾಗುತ್ತ ಮತ್ತೆ ಹೆಪ್ಪುಗಟ್ಟುತ್ತ ಹರಳಾಗುತ್ತದೆ. ದಪ್ಪ ಉಪ್ಪಿನಂಥ ಹರಳು, ಒಂದು ಇನ್ನೊಂದರ ಕೈ ಹಿಡಿಯುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು ಗಾಳಿ ಅದನ್ನು ಒತ್ತಿತೆಂದರೆ, ಕಾಳು ಹರವಿದ ನೆಲದ ಮೇಲೆ ಹಲಗೆ ಇಟ್ಟಂತೆ. ಕಾಲಿಡುವವರೆಗೆ ಸುಮ್ಮನಿರುತ್ತದೆ.

ಆ ಸಲ ಚಳಿಗಾಲ ಬಂದದ್ದು ಹೀಗೆಯೇ. ಮೊದಲ ಹಿಮ ಮೊಣಕಾಲಿನವರೆಗೆ. ಆಮೇಲೆ ಹದಿಮೂರು ದಿನ ಒಂದು ಚೂರು ಮೋಡವಿಲ್ಲ. ಸೊನ್ನೆಗಿಂತ ಹದಿನಾಲ್ಕು ಕೆಳಗೆ, ಹದಿನಾರು, ಹತ್ತೊಂಬತ್ತು. ಪುಸ್ತಕದಲ್ಲಿ ಬರೆದ ಕೈ ನನ್ನದೇ. ಎಂಟು ದಿನದ ಹಿಂದೆ ಗುಂಡಿ ತೋಡಿದಾಗ ಹರಳು ಇನ್ನೂ ಕಟ್ಟಿರಲಿಲ್ಲ. ಈಗ ಕಟ್ಟಿರಬಹುದು ಎಂದು ಹೇಳಲು ಪಂಡಿತನಾಗಬೇಕಿರಲಿಲ್ಲ.

ಕಾಲು ಉಳುಕಿತ್ತು, ಮೈ ಬೆಚ್ಚಗಾಗಿತ್ತು ಎಂದು ಇಲ್ಲಿ ಬರೆಯಬಹುದು. ಹಾಗೇನೂ ಇರಲಿಲ್ಲ. ಒಲೆಯ ಮೇಲಿನ ತಂತಿಯಿಂದ ತೆಗೆದ ಉಣ್ಣೆಯ ಕಾಲುಚೀಲ ಆಗಷ್ಟೇ ಹಾಕಿಕೊಂಡಿದ್ದೆ. ಬೆಚ್ಚಗಿತ್ತು. ಬೂಟು ಬಾಗಿಲ ಬಳಿ ಕಲ್ಲಾಗಿ ಕುಳಿತಿತ್ತು. ಅದರೊಳಗೆ ಕಾಲು ತೂರಿಸಲು ಮನಸ್ಸಾಗಲಿಲ್ಲ. ಮೇಲೆ ಹೋಗದಿರಲು ಅಷ್ಟೇ ಕಾರಣ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

ಮೇಜಿನ ಮುಂದೆ ಕುಳಿತು ನಮೂನೆ ತುಂಬಿದೆ. ಮೇಲಿನ ಪದರ: ನಾಲ್ಕು ಬೆರಳು. ನಡುವಿನದು: ಪೆನ್ಸಿಲು. ತಳ: ಪೆನ್ಸಿಲು. ಕಂಬ ಜಾರಿದ್ದು ಇಪ್ಪತ್ತಾರನೇ ತಟ್ಟಿಗೆ ಎಂದು ಬರೆದೆ. ಹಿಂದಿನ ಗುಂಡಿಯಲ್ಲೂ ಇಪ್ಪತ್ತಾರೇ ಇತ್ತೆಂದು ನೆನಪಾಗಿ, ನೋಡಿದವರಿಗೆ ಅನುಮಾನ ಬಾರದಿರಲೆಂದು ಅಳಿಸಿ ಇಪ್ಪತ್ತನಾಲ್ಕು ಮಾಡಿದೆ. ಷರಾದಲ್ಲಿ ‘ಗಾಳಿ ಜೋರು, ಬೆರಳು ಮರಗಟ್ಟಿತು’ ಎಂದೂ ಸೇರಿಸಿದೆ. ಸುಳ್ಳು ಬರೆಯುವವನಿಗೆ ಇಷ್ಟು ಶ್ರದ್ಧೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಂಟೂವರೆಗೆ ರಸ್ತೆ ಕಚೇರಿಯ ಸಾಹೇಬರ ಫೋನು ಬಂತು.

“ಏನ್ರೀ, ಮೇಲೆ ಹೇಗಿದೆ?”

“ಗಟ್ಟಿ ಇದೆ ಸರ್. ಇಪ್ಪತ್ತನಾಲ್ಕು.”

“ಈ ಗಾಳೀಲಿ ಹೋಗಿ ಬಂದ್ರಾ? ಭಲೇ. ನಾನಾಗಿದ್ರೆ ಕಂಬಳಿಯಿಂದ ಮೂಗೂ ಹೊರಗೆ ಹಾಕ್ತಿರಲಿಲ್ಲ.”

“ಕೆಲಸ ಅಲ್ವಾ ಸರ್,” ಎಂದೆ.

ಒಂಬತ್ತಕ್ಕೆ ಭಾಮೈದ ಬಂದ. ಹೆಂಡತಿಯ ತಮ್ಮ, ಹಿಮ ತಳ್ಳುವ ದೊಡ್ಡ ಗಾಡಿಯ ಡ್ರೈವರು. ಮೇಲೆ ಹೊರಡುವ ಮೊದಲು ನಮ್ಮ ಒಲೆಯ ಕೆಟಲಿನಿಂದ ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು ಹೋಗುವುದು ಅವನ ಪದ್ಧತಿ. ಒಳಗೆ ಬಂದವನೇ ಬೂಟಿನ ಹಿಮವನ್ನೆಲ್ಲ ನನ್ನ ಚಾಪೆಯ ಮೇಲೆ ಕೊಡವಿದ.

“ಏನ್ ಛತ್ರಿ ಭಾವ, ದೇವರು ಇವತ್ತು ಏನಂತಾನೆ?”

ಊರಿನವರು ನನಗಿಟ್ಟ ಹೆಸರು ಛತ್ರಿ. ಮಳೆ ಬರುತ್ತದೆಂದು ನಾನು ಹೇಳಿದ ದಿನ ಬಿಸಿಲು ಕಾಯುತ್ತದೆಂದು ಅವರ ತಮಾಷೆ. ಭಾಮೈದ ಮಾತ್ರ ಮುಖದ ಮೇಲೆಯೇ ಹೇಳುತ್ತಿದ್ದ.

“ಗಟ್ಟಿ ಇದೆ ಅಂತ ಹೇಳಿದೀನಿ,” ಎಂದೆ. ನೋಡಿದೆ ಎನ್ನಲು ಅವನೆದುರು ನಾಲಿಗೆ ಬರಲಿಲ್ಲ. ಹೇಳಿದೀನಿ ಎಂದಷ್ಟೇ ಅಂದೆ. ಅವನಿಗೆ ಅಷ್ಟೇ ಸಾಕಾಯಿತು.

“ಹಾಗಾದ್ರೆ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿಸ್ತೀನಿ. ನಮ್ದೇನು, ತಳ್ಳುಗಾಡಿ ವ್ಯಾಪಾರ. ಹಿಮ ಬೇಕಾ ಹಿಮ ಅಂತ ಕೂಗ್ಕೊಂಡು ಹೋಗೋದು.” ಚಹಾ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಅಕ್ಕ ಇದ್ದಿದ್ರೆ ಸಕ್ಕರೆ ನೆಟ್ಟಗೆ ಹಾಕ್ತಿದ್ಲು. ನೀವು ಸಕ್ಕರೇನೂ ಮಿಲಿಮೀಟರ್‌ನಲ್ಲಿ ಅಳೀತೀರಿ.”

ಇನ್ನೊಂದು ಚಮಚ ಹಾಕಿ ಕೊಟ್ಟೆ. ಅವನು ಹೋದ. ಗಾಡಿಯ ಹಳದಿ ದೀಪ ತಿರುಗುತ್ತ ತಿರುಗುತ್ತ ಮೊದಲ ತಿರುವಿನವರೆಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಓಡಿ ಹೋಗಿ ಕೈ ಅಡ್ಡ ಹಿಡಿಯಲು ಸಮಯವಿತ್ತು. ಎರಡನೆಯ ತಿರುವಿನಲ್ಲಿಯೂ ಇತ್ತು. ಏನೆಂದು ಹೇಳಿ ನಿಲ್ಲಿಸುವುದು ಎಂದು ಯೋಚಿಸುತ್ತ ನಿಂತೆ. ಗಾಡಿ ಮರೆಯಾಯಿತು.

ಹನ್ನೊಂದರ ಸುಮಾರಿಗೆ ಸದ್ದು ಕೇಳಿಸಿತು. ಗುಡುಗಿನಂಥದ್ದಲ್ಲ. ಮೇಲಿನ ಮನೆಯಲ್ಲಿ ಯಾರೋ ಒದ್ದೆ ಹಾಸಿಗೆಯನ್ನು ನೆಲಕ್ಕೆ ಹಾಕಿದಂತೆ, ಧೊಪ್ ಎಂದು ಒಂದೇ ಸಲ. ಊರಿನಲ್ಲಿ ಬಹಳ ಮಂದಿ ಅದನ್ನು ಗಮನಿಸಲೇ ಇಲ್ಲ. ನಾನು ಸಲಿಕೆ ಹಿಡಿದು ಬಾಗಿಲು ದಾಟಿದ ಮೇಲೆ ಬೂಟಿನ ದಾರ ಕಟ್ಟಿಲ್ಲವೆಂದು ಗೊತ್ತಾಯಿತು.

ರಸ್ತೆಯ ಐದನೆಯ ತಿರುವಿನ ಮೇಲಿಂದ ಇಡೀ ಇಳಿಜಾರು ಕಳಚಿ ಬಂದಿತ್ತು. ಗಾಡಿ ರಸ್ತೆಯಿಂದ ಕೆಳಗೆ ಉರುಳಿ ಮರಕ್ಕೆ ಒರಗಿತ್ತು. ಕಾಣುತ್ತಿದ್ದುದು ತಳ್ಳುವ ಹಲಗೆಯ ಒಂದು ಮೂಲೆ ಮಾತ್ರ. ಹತ್ತು ಹನ್ನೆರಡು ಜನ ಸೇರಿ ಅಗೆದೆವು. ಮೇಲಿನ ಹಿಮ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಕೆಳಗೆ ಹೋದಂತೆ ನನ್ನ ಸಲಿಕೆಯಿಂದ ಅದು ಸುರಿಯತೊಡಗಿತು, ಚೀಲ ಹರಿದಾಗ ಉಪ್ಪು ಸುರಿಯುವಂತೆ. ಹರಳು. ಬೆರಳ ನಡುವೆ ನಿಲ್ಲದ ಹರಳು. ಆ ಬೆಳಿಗ್ಗೆ ಏಳು ಗಂಟೆಗೆ ನಾನು ಗುಂಡಿಯಲ್ಲಿ ಕುಳಿತು ನೋಡಬೇಕಾಗಿದ್ದದ್ದನ್ನು ಹನ್ನೊಂದೂವರೆಗೆ ಭಾಮೈದನ ತಲೆಯ ಮೇಲೆ ನಿಂತು ನೋಡುತ್ತಿದ್ದೆ. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಅವರ ಕಣ್ಣಿಗೆ ಅದೂ ಹಿಮವೇ.

ಕ್ಯಾಬಿನ್ನಿನ ಗಾಜು ಒಂದು ಕಡೆ ಒಡೆಯದೆ ಉಳಿದಿತ್ತು. ಅದರಿಂದ ಅವನು ಬದುಕಿದ. ಎಡಗಾಲು ಮಾತ್ರ ಬಗ್ಗಿದ ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತ್ತು. ಎಳೆದು ತೆಗೆಯುವಾಗ ಅವನು ನನ್ನ ಮುಖ ನೋಡಿ “ಭಾವ, ಬಂದ್ರಾ” ಎಂದ. ಬೇರೆ ಯಾರ ಹೆಸರನ್ನೂ ಹಿಡಿಯಲಿಲ್ಲ. ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಮರುದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಆಮೇಲಿನ ಮೂರು ದಿನ ಜನ ನನ್ನ ಮೇಲೆ ತೋರಿಸಿದ ಪ್ರೀತಿಯನ್ನು ಹೇಗೆ ಹೇಳಲಿ? ಹಾಲಿನಂಗಡಿಯಲ್ಲಿ ನನ್ನನ್ನು ಸಾಲಿನ ಮುಂದೆ ಬಿಟ್ಟರು. ದರ್ಜಿ ಅಂಗಡಿಯಿಂದ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಕೈಲೇನಿದೆ ಹೇಳಿ, ಬೆಟ್ಟ ಯಾರಪ್ಪನ ಮನೆ ಆಳು?” ಎಂದ. ರಸ್ತೆ ಸಾಹೇಬರು ಸ್ವತಃ ಠಾಣೆಗೆ ಬಂದು, ನನ್ನ ನಮೂನೆಯ ಪ್ರತಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು.

“ಬೆರಳು ಮರಗಟ್ಟಿತು,” ಎಂದು ಗಟ್ಟಿಯಾಗಿ ಓದಿ ತಲೆಯಾಡಿಸಿದರು. “ಇದಕ್ಕಿಂತ ಹೆಚ್ಚು ಮನುಷ್ಯ ಏನ್ ಮಾಡೋಕಾಗುತ್ತೆ? ಈ ಕಾಗದ ಇರೋದ್ರಿಂದ ನಾವೆಲ್ಲ ಉಳ್ಕೊಂಡ್ವಿ ಕಣ್ರೀ. ಮೇಲಿನವರು ಕೇಳಿದ್ರೆ ಇದನ್ನೇ ಮುಂದೆ ಹಿಡೀತೀನಿ.”

ಚಹಾ ಕೊಟ್ಟೆ. ಕುಡಿದು ಹೋದರು.

ಹೆಂಡತಿಯ ಮಾತು ಕೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ತಮ್ಮನ ಸಂಕಟದಲ್ಲೂ ಅವಳಿಗೆ ನನ್ನ ಬಗ್ಗೆ ಒಂದು ಹೆಮ್ಮೆ ಉಳಿದಿತ್ತು. ಅತ್ತೆಗೆ ಫೋನು ಮಾಡಿ ಹೇಳುತ್ತಿದ್ದಳು: “ಇವರ ತಪ್ಪೇನಿಲ್ಲಮ್ಮ. ಆ ಗಾಳೀಲೂ ಇವರು ಹತ್ತಿ ಹೋಗಿ ನೋಡಿ ಬಂದಿದ್ರು. ಕೈಯೆಲ್ಲ ಮರಗಟ್ಟಿತ್ತಂತೆ. ಹೇಳ್ಕೊಳ್ಳಲ್ಲ ಅಷ್ಟೆ.” ಆ ರಾತ್ರಿ ನನ್ನ ಬೆರಳುಗಳಿಗೆ ಎಣ್ಣೆ ತಿಕ್ಕಲು ಬಂದಳು. ಬೇಡ ಎಂದೆ. “ಎಲ್ಲದಕ್ಕೂ ಬೇಡ,” ಎಂದು ಬಲವಂತವಾಗಿ ಹಿಡಿದು ತಿಕ್ಕಿದಳು. ಒಂದೊಂದೇ ಬೆರಳು, ತುದಿಯಿಂದ ಬುಡಕ್ಕೆ. ಕೈ ಎಳೆದುಕೊಳ್ಳಲೂ ಆಗಲಿಲ್ಲ, ಕೊಡಲೂ ಆಗಲಿಲ್ಲ.

ನಾನು ಹೆಚ್ಚು ಮಾತಿನವನಲ್ಲ. ಕೇಳುವವನು. ಚಿಕ್ಕವನಿದ್ದಾಗ ಅಪ್ಪ ಸಂಜೆ ದೀಪ ಹೊತ್ತಿಸಿ ದೇವರ ಪದ್ಯ ಓದುತ್ತಿದ್ದರು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ನಡುವೆ ಒಂದು ಸಾಲು ತಪ್ಪಿದರೆ ಅಪ್ಪ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತಿದ್ದರು. ಅಡುಗೆ ಆರುತ್ತಿತ್ತು, ಅಮ್ಮ ಒಳಗಿನಿಂದ “ಒಂದ್ಸಾಲು ತಪ್ಪಿದ್ರೆ ಆಕಾಶ ಬೀಳಲ್ಲ” ಎನ್ನುತ್ತಿದ್ದಳು. ಅಪ್ಪನದು ಮೊದಲಿನಿಂದಲೇ. ನನಗೆ ಕಂಠವಿಲ್ಲ, ಆದರೂ ಆ ಸಾಲುಗಳನ್ನು ದಿನವೂ ಸಂಜೆ ತುಟಿಯಲ್ಲೇ ಹೇಳಿಕೊಳ್ಳುತ್ತೇನೆ. ಕೇಳುವವನೊಬ್ಬನಿದ್ದಾನೆ ಎಂಬ ನಂಬಿಕೆಯೇ ಇಷ್ಟು ವರ್ಷ ನನಗೆ ಧೈರ್ಯ. ಆ ಮೂರು ಸಂಜೆ ಅದೇ ನಂಬಿಕೆಗೆ ಹೆದರಿ ಬಾಯಿ ಮುಚ್ಚಿಕೊಂಡು ಕುಳಿತೆ.

ನಾಲ್ಕನೆಯ ದಿನ ಸಂಜೆ ಸಾಹೇಬರು ಮತ್ತೆ ಫೋನು ಮಾಡಿದರು. ಗಾಳಿ ನಿಂತು ಆಕಾಶ ತೆರೆದಿತ್ತು.

“ನಾಳೆ ಎರಡನೇ ಗಾಡಿ ಬಿಡ್ತೀನಿ. ಆಚೆ ಕಡೆಯವರಿಗೆ ಹಿಟ್ಟಿಲ್ಲ, ಔಷಧಿ ಇಲ್ಲ. ಬಿದ್ದಿದ್ದು ಬಿತ್ತು, ಅದೊಂದು ಕಡೆ ಏನೋ ಕೆಟ್ಟಿತ್ತು. ನಿಮ್ಮ ಗುಂಡಿ ಪ್ರಕಾರ ಉಳಿದದ್ದೆಲ್ಲ ಗಟ್ಟಿ ತಾನೇ?”

ಎರಡನೇ ಗಾಡಿಯ ಡ್ರೈವರು ನಿವೃತ್ತಿಗೆ ಎರಡು ತಿಂಗಳಿದ್ದ ಮುದುಕ. ನನ್ನ ಕಾಗದ ಅಲ್ಲಿಗೇ ಮುಗಿದಿಲ್ಲ, ಇನ್ನೂ ಕೆಲಸ ಮಾಡುತ್ತಿದೆ ಎಂದು ಆಗ ಹೊಳೆಯಿತು.

“ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡಿ ಹೇಳ್ತೀನಿ ಸರ್. ಅಲ್ಲಿ ತನಕ ಬಿಡಬೇಡಿ.”

“ನೋಡಿ ನೋಡಿ. ನಿಮ್ಮ ಸಮಾಧಾನಕ್ಕೆ.”

ಬೆಳಕು ಹರಿಯುವ ಮೊದಲೇ ಹೊರಟೆ. ಅಂಥ ಬೆಳಗನ್ನು ನಾನು ಹೆಚ್ಚು ಕಂಡಿಲ್ಲ. ಗಾಳಿಯೇ ಇಲ್ಲ. ಶಿಖರಗಳ ಅಂಚು ಮೊದಲು ಬೂದಿ, ಆಮೇಲೆ ತಾಮ್ರ. ಹಿಮದ ಮೇಲ್ಮೈಯಲ್ಲಿ ರಾತ್ರಿಯ ಮಂಜು ಹೆಪ್ಪಾಗಿ ಎಲೆಯಂಥ ತೆಳುಗರಿಗಳು ನಿಂತಿದ್ದವು. ಕಾಲಿಟ್ಟಲ್ಲೆಲ್ಲ ಗಾಜು ಪುಡಿಯಾದ ಸದ್ದು. ಕಣ್ಣಿಗೆ ಅಷ್ಟು ಚೆಂದ, ಕಾಲ ಕೆಳಗೆ ಅಷ್ಟು ಸುಳ್ಳು. ಮರಗಳಿರುವ ದಿಣ್ಣೆಯನ್ನೇ ಹಿಡಿದು, ಬರಿ ಇಳಿಜಾರಿಗೆ ಕಾಲಿಡದೆ, ಒಂದೂವರೆ ಗಂಟೆ ಹತ್ತಿದೆ.

ಗುಂಡಿ ತೋಡಿದೆ. ಗೋಡೆ ಬ್ರಷ್ಷಿನಿಂದ ಉಜ್ಜಿದೆ. ಮೇಲಿನ ಪದರಕ್ಕೆ ಒಂದು ಬೆರಳೂ ಕಷ್ಟದಲ್ಲಿ ಹೋಯಿತು. ಗಾಳಿ ಅದನ್ನು ಹಲಗೆ ಮಾಡಿಟ್ಟಿತ್ತು. ತಳಕ್ಕೆ ಮುಷ್ಟಿ ಒಯ್ದೆ. ಮಣಿಕಟ್ಟಿನವರೆಗೆ ಹೋಯಿತು, ತಡೆಯೇ ಇಲ್ಲ. ಅಂಗೈ ತುಂಬ ಹರಳು ತೆಗೆದು ಬಿಸಿಲಿಗೆ ಹಿಡಿದೆ. ಒಂದೊಂದೂ ಬಟ್ಟಲಿನಂತೆ, ಮೈಯಲ್ಲಿ ಮೆಟ್ಟಿಲು ಮೆಟ್ಟಿಲು. ಕಂಬ ಕೊಯ್ದು ಸಲಿಕೆಯಿಟ್ಟು ಮಣಿಕಟ್ಟಿನಿಂದ ತಟ್ಟಿದೆ. ಒಂದು. ಎರಡು. ಮೂರನೆಯದಕ್ಕೆ ಕಂಬ ಬುಡದಿಂದ ಜಾರಿ ನನ್ನ ಮಡಿಲಿಗೆ ಬಂತು.

ಮೂರು. ನಾನು ಬರೆದದ್ದು ಇಪ್ಪತ್ತನಾಲ್ಕು.

ಗುಂಡಿಯಲ್ಲೇ ಕುಳಿತು ಬಹಳ ಹೊತ್ತು ಯೋಚಿಸಿದೆ. ದೇವರ ಹೆಸರು ಹೇಳಿಕೊಂಡು ಯೋಚಿಸಿದೆನೆಂದರೆ ಇನ್ನೊಂದು ಸುಳ್ಳಾಗುತ್ತದೆ. ನಾನು ಯೋಚಿಸಿದ್ದು ಇಷ್ಟು: ‘ಐದು ದಿನದಲ್ಲಿ ಹಿಮ ಕೆಟ್ಟಿದೆ’ ಎಂದು ಬರೆದರೆ ಸಾಕು. ರಸ್ತೆ ಮುಚ್ಚುತ್ತದೆ, ಮುದುಕ ಉಳಿಯುತ್ತಾನೆ, ಹಳೆಯ ಕಾಗದ ಹಾಗೇ ಇರುತ್ತದೆ. ಇಂಥ ಹರಳು ಕಟ್ಟಲು ಎರಡು ವಾರವಾದರೂ ಬೇಕೆಂದು ಊರಿನಲ್ಲಿ ಗೊತ್ತಿರುವವನು ನಾನೊಬ್ಬನೇ. ಎಲ್ಲವೂ ಚೆನ್ನಾಗಿ ಹೊಂದುತ್ತಿತ್ತು. ಹೀಗೆ ಹೊಂದಿಸುತ್ತ ನನಗೆ ಸ್ವಲ್ಪ ಹಗುರವೂ ಆಯಿತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಳಿದು ಬಂದು ಫೋನು ಎತ್ತಿದಾಗಲೂ ಹಾಗೆ ಹೇಳುವುದೆಂದೇ ಇತ್ತು.

“ಬಿಡೋ ಹಾಗಿಲ್ಲ ಸರ್. ಮೂರು.”

“ಮೂರಾ?” ಸಾಹೇಬರು ಗಾಬರಿಯಾದರು. “ಐದು ದಿನದಲ್ಲಿ ಇಪ್ಪತ್ತನಾಲ್ಕು ಇದ್ದದ್ದು ಮೂರಾಯ್ತಾ?”

ಹೂಂ ಎಂದರೆ ಮುಗಿದಿತ್ತು. ಸಾಹೇಬರು ಪ್ರಶ್ನೆಯನ್ನು ಅಷ್ಟು ಮುಗ್ಧವಾಗಿ, ಅಷ್ಟು ನಂಬಿಕೆಯಿಂದ ಕೇಳಿದ್ದರು. ಭಾಮೈದ ಒಳಗೆ ಬಂದು ಕೇಳಿದ ಹಾಗೆಯೇ.

“ಇಲ್ಲ ಸರ್. ಅವತ್ತೂ ಮೂರೇ ಇದ್ದಿರಬೇಕು. ಅವತ್ತು ನಾನು ಹೋಗಿರಲಿಲ್ಲ.”

ಆ ಕಡೆ ಕುರ್ಚಿ ಕಿರುಗುಟ್ಟಿತು.

“ಲೈನ್ ಸರಿ ಇಲ್ಲ ಅನ್ಸುತ್ತೆ. ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ.”

“ಲೈನ್ ಸರಿಯಾಗೇ ಇದೆ ಸರ್. ನಾನು ಹೋಗಿರಲಿಲ್ಲ. ಒಲೆ ಮುಂದೆ ಕೂತ್ಕೊಂಡು ಬರೆದೆ.”

“ಬೆರಳು ಮರಗಟ್ಟಿತು ಅಂತ ಬರ್ದಿದೀರಲ್ರೀ!” ಎಂದರು. ಎಲ್ಲಕ್ಕಿಂತ ಅದೇ ಅವರನ್ನು ಚುಚ್ಚಿದಂತಿತ್ತು. ಆಮೇಲೆ ದನಿ ಇಳಿಯಿತು. “ಗಾಡಿ ನಿಲ್ಲಿಸ್ತೀನಿ. ನೀವು ಇದನ್ನ ಬರೆದು ಕಳಿಸಿ. ಆಮೇಲೆ ಏನಾಗುತ್ತೋ ನನ್ನ ಕೈಲಿಲ್ಲ.” ಬೈಯಲಿಲ್ಲ. ಫೋನು ಇಟ್ಟರು.

ಬರೆದೆ. ಒಂದು ಪುಟವೂ ಆಗಲಿಲ್ಲ.

ಮಧ್ಯಾಹ್ನ ಹೆಂಡತಿ ಬಂದಾಗ ಅವಳ ಕೂದಲಲ್ಲಿ ಹಿಟ್ಟಿತ್ತು. ಕೂತ್ಕೋ ಎಂದೆ. ಕೂರಲಿಲ್ಲ, ನಿಂತೇ ಕೇಳಿದಳು. ಎಲ್ಲ ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಸ್ಕಾರ್ಫಿನ ಗಂಟನ್ನೇ ಬಿಚ್ಚುತ್ತಿದ್ದಳು.

“ನಾನು ಅಮ್ಮನ ಹತ್ರ ಹೇಳಿದ್ನಲ್ರೀ,” ಎಂದಳು. “ಅಂಗಡೀಲೂ ಹೇಳ್ದೆ. ಕೇಳ್ದವರಿಗೆ ಕೇಳದವರಿಗೆ ಎಲ್ರಿಗೂ ಹೇಳ್ದೆ, ನಮ್ಮನೆಯವರು ಹತ್ತಿ ಹೋಗಿದ್ರು ಅಂತ.”

ಸ್ಕಾರ್ಫನ್ನು ಕುರ್ಚಿಯ ಬೆನ್ನಿಗೆ ಎಸೆದಳು.

“ಯಾಕೆ ಹೋಗ್ಲಿಲ್ಲ? ಅದನ್ನಾದ್ರೂ ಹೇಳಿ.”

“ಕಾಲುಚೀಲ ಬೆಚ್ಚಗಿತ್ತು.”

ಅವಳು ನನ್ನ ಕಾಲು ನೋಡಿದಳು. ಅವೇ ಕಾಲುಚೀಲ. ಹೆಣೆದವಳು ಅವಳೇ, ಹಿಂದಿನ ಚಳಿಗಾಲ, ಹಿಮ್ಮಡಿಗೆ ಎರಡೆಳೆ ಹಾಕಿ. ಒಳಗೆ ಹೋಗಿ ಮುಖ ತೊಳೆಯುವ ಸದ್ದು, ಆಮೇಲೆ ಬಹಳ ಹೊತ್ತು ನೀರು ಸುಮ್ಮನೆ ಹರಿಯುವ ಸದ್ದು. ಹೊರಗೆ ಬಂದು ಕೋಟು ಹಾಕಿಕೊಂಡಳು.

“ನಾಲ್ಕು ಗಂಟೆ ಬಸ್ಸಿದೆ. ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳೋ ಮುಂಚೆ ನೀವೇ ಹೇಳಿ.”

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಳು. ನಡುವೆ ಚೀಲ ಇಟ್ಟುಕೊಂಡಳು. ಕೆಳಗಿಳಿದಂತೆ ಹಿಮ ಕೆಸರಾಯಿತು, ಕೆಸರು ಮಳೆಯಾಯಿತು. ಪಟ್ಟಣದವರು ಕೊಡೆ ಹಿಡಿದು ಓಡಾಡುತ್ತಿದ್ದರು. ಮೇಲೆ ಏನು ನಡೆದಿದೆಯೆಂದು ಅವರಿಗೇನು ಗೊತ್ತು ಎಂದುಕೊಂಡೆ. ಗೊತ್ತಿಲ್ಲದವರ ನಡುವೆ ಒಂದು ಗಳಿಗೆ ನೆಮ್ಮದಿಯಾಯಿತು. ಆಸ್ಪತ್ರೆಯ ಮೆಟ್ಟಿಲು ಬಂತು.

“ನಾನಿಲ್ಲೇ ಇರ್ತೀನಿ,” ಎಂದು ಹೆಂಡತಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಆರು ಹಾಸಿಗೆಗಳ ಕೋಣೆ. ಭಾಮೈದನದು ಕಿಟಕಿಯ ಪಕ್ಕ. ಹೊದಿಕೆ ಒಂದು ಕಡೆ ಕಾಲಿನ ಆಕಾರದಲ್ಲಿತ್ತು, ಇನ್ನೊಂದು ಕಡೆ ಅರ್ಧಕ್ಕೆ ಚಪ್ಪಟೆಯಾಗಿತ್ತು. ನನ್ನನ್ನು ಕಂಡದ್ದೇ ಮುಖ ಅರಳಿಸಿದ. ಐದು ದಿನದ ಗಡ್ಡ, ತುಟಿ ಒಣಗಿ ಬಿರುಕು.

“ಬನ್ನಿ ಬನ್ನಿ. ಖಾಲಿ ಕೈಲಿ ಬಂದ್ರಾ? ಒಂದು ಹಣ್ಣಿಲ್ಲ, ಹಂಪಲಿಲ್ಲ. ರೋಗೀನ ನೋಡೋಕೆ ಬರೋ ರೀತೀನಾ ಇದು?” ಪಕ್ಕದ ಹಾಸಿಗೆಯ ಅಜ್ಜನ ಕಡೆ ತಿರುಗಿ, “ಇವರೇ ನಮ್ಮ ಭಾವ. ಆಕಾಶದ ಜೊತೆ ಮಾತಾಡೋರು,” ಎಂದ. ಮತ್ತೆ ನನ್ನತ್ತ: “ಶೂ ಅಂಗಡಿಯವನಿಗೆ ಹೇಳಿ ಕಳಿಸಿದೀನಿ, ಇನ್ಮೇಲೆ ಅರ್ಧ ಜೊತೆ ಸಾಕು ಅಂತ. ಏನು, ನಗೋದೇ ಇಲ್ಲ ನೀವು?”

ಸ್ಟೂಲಿನ ಮೇಲೆ ಕುಳಿತೆ. ಹೇಳಿದೆ. ನಾನು ಹೋಗಲಿಲ್ಲ, ತೋಡಲಿಲ್ಲ, ಕುಳಿತಲ್ಲೇ ಬರೆದೆ, ನಿನಗೆ ಗಟ್ಟಿ ಎಂದೆ. ಇವತ್ತು ಹೋಗಿ ನೋಡಿದೆ, ಮೂರನೇ ತಟ್ಟಿಗೆ ಜಾರಿತು. ಕಾರಣ ಕೇಳಿದರೆ ಕಾಲುಚೀಲವೆನ್ನಬೇಕಲ್ಲ ಎಂದು ಹೆದರಿದ್ದೆ, ಅವನು ಕೇಳಲಿಲ್ಲ. ಪಕ್ಕದ ಅಜ್ಜ ಗೋಡೆಯ ಕಡೆ ಮಗ್ಗುಲಾದ.

ಭಾಮೈದ ಚಾವಣಿ ನೋಡುತ್ತಿದ್ದ. ದನಿಯಲ್ಲಿ ತಮಾಷೆ ಇರಲಿಲ್ಲ, ಸಿಟ್ಟೂ ಕಾಣಲಿಲ್ಲ.

“ನಾಲ್ಕನೇ ತಿರುವಲ್ಲಿ ನಿಲ್ಲಿಸಿದ್ದೆ,” ಎಂದ. “ಅಲ್ಲಿಂದ ನಿಮ್ಮ ಗುಂಡಿ ಜಾಗ ಕಾಣುತ್ತೆ. ಒಂದು ಹೆಜ್ಜೆ ಇಲ್ಲ, ಮಣ್ಣಿಲ್ಲ, ಏನಿಲ್ಲ. ಹಾಸಿದ ಬೆಡ್‌ಶೀಟ್ ಇದ್ದ ಹಾಗಿತ್ತು. ಅರೆ, ಭಾವ ಬಂದೇ ಇಲ್ವಲ್ಲ ಅನ್ಸ್ತು.”

ಅವನು ಹೊದಿಕೆಯ ಅಂಚನ್ನು ಮೇಲಕ್ಕೆ ಎಳೆದುಕೊಂಡ.

“ಆಮೇಲೆ ನನಗೇ ನಾಚಿಕೆ ಆಯ್ತು. ಛೆ, ಎಂಥಾ ಯೋಚನೆ, ಅವರು ಹೇಳಿದಾರೆ ಅಂದ್ಮೇಲೆ ಹೋಗೇ ಇರ್ತಾರೆ, ಗಾಳಿ ಮುಚ್ಚಿರುತ್ತೆ ಅಂದ್ಕೊಂಡೆ. ಗೇರ್ ಹಾಕ್ದೆ. ನನ್ನ ಕಣ್ಣು ನಂಬಲಿಲ್ಲ ನೋಡಿ, ನಿಮ್ಮನ್ನ ನಂಬಿದೆ,” ಎಂದ.

ನರ್ಸು ಬಂದು ಥರ್ಮಾಮೀಟರು ಅವನ ಬಾಯಿಗಿಟ್ಟಳು. ಆ ಎರಡು ನಿಮಿಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಅವಳು ಅಂಕಿ ಓದಿ, ಕಾಲ ಬಳಿಯ ಹಲಗೆಯಲ್ಲಿ ಬರೆದು ಹೋದಳು. ಕಿಟಕಿಯ ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು.

ತಡೆಯಲಾಗಲಿಲ್ಲ. ಹಾಸಿಗೆಯ ಅಂಚಿಗೆ ಬಗ್ಗಿದೆ.

“ಏನಾದ್ರೂ ಅನ್ನೋ,” ಎಂದೆ. “ಬಾಯಿಗೆ ಬಂದಿದ್ದು ಬೈದ್ಬಿಡು. ಅಪ್ಪ ಅಮ್ಮ ಸೇರಿಸಿ ಬೈ. ಇವರೆಲ್ಲ ಕೇಳಿದ್ರೂ ಪರವಾಗಿಲ್ಲ. ಕೈ ಮುಗಿದು ಕೇಳ್ಕೋತೀನಿ, ಒಂದೇ ಒಂದು ಮಾತು ಬೈ.”

ಅವನು ತಲೆ ತಿರುಗಿಸಿ, ನಾನು ಅದನ್ನು ಹೇಳಿದ ಮೇಲೆ ಮೊದಲ ಸಲ, ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ. ಅಕ್ಕನದೇ ಕಣ್ಣು.

“ಬೈದ್ರೆ ನೀವು ಹಗುರಾಗಿ ಮನೆಗೆ ಹೋಗ್ತೀರಿ,” ಎಂದ. “ಇಲ್ಲ ಭಾವ. ಬೈಯಲ್ಲ.”